ಹಣೆಗೆ ಕಟ್ಟುವ ಭೂತಗನ್ನಡಿ

ಸಂತ ಲೂಚಿಯಾ ಕಣ್ಣು ಕಾಯುವ ತಾಯಿ. ಆದರೆ ಡಿಸೆಂಬರ್ ಬಂತೆಂದರೆ ಪಲೆರ್ಮೊದ ಎರ್ಸಿಲಿಯಾಳ ಅಂಗಡಿಯಲ್ಲಿ ಆ ತಾಯಿಯೇ ಕಣ್ಣು ಮುಚ್ಚಿಕೊಳ್ಳುವಂಥ ಸಾಮಾನು ತುಂಬುತ್ತಿತ್ತು. ಕಣ್ಣು ಬರೆದ ಕಾಫಿ ಲೋಟ, ಕಣ್ಣಿನಾಕಾರದ ಸೋಪು, ಅಮುಕಿದರೆ ರೆಪ್ಪೆ ಬಡಿಯುವ ದಿಂಬು. ಹಬ್ಬದ ಉಡುಗೊರೆಗೆಂದು ಜನ ಮುಗಿಬಿದ್ದು ಕೊಳ್ಳುತ್ತಿದ್ದರು. ಮಿಕ್ಕಿದ್ದು ಅವಳ ಗಂಡನ ಅಕ್ಕ ನಿನ್ಫಾಳ ಮನೆಗೆ ಬರುತ್ತಿತ್ತು. ಹೋದ ವರ್ಷದ ಸೋಪು ಕರಗುತ್ತಾ ಕೀವು ಸೋರುವ ಕಣ್ಣಿನ ಹಾಗೆ ಆದದ್ದನ್ನು ನೋಡಿ ನಿನ್ಫಾ ವಾಕರಿಸಿ ಕಕ್ಕಸಿಗೆ ಎಸೆದಿದ್ದಳು.

ಈ ಸಲ ಹಬ್ಬದ ಹಿಂದಿನ ದಿನ ಬೆಳಿಗ್ಗೆಯೇ ಎರ್ಸಿಲಿಯಾ ಬಂದಳು.

"ತಗೊಳ್ಳಿ ಅಕ್ಕ, ಹಬ್ಬದ ಉಡುಗೊರೆ."

"ಏನೇ ಇದು, ಕತ್ತೆಗೆ ಕಟ್ಟೋ ಪಟ್ಟಿನಾ?"

"ವಾಚ್ ರಿಪೇರಿಯೋರು ಹಣೆಗೆ ಕಟ್ಕೋತಾರಲ್ಲ, ಆ ಭೂತಗನ್ನಡಿ. ದೀಪಾನೂ ಇದೆ. ಗೋಧಿ ಆರ್ಸೋಕೆ ಆಗುತ್ತೆ ಅಂತ ತಂದೆ."

"ನನ್ನ ಕಣ್ಣಿಗೇನು ಧಾಡಿ?"

"ನಿಮ್ಮ ಕಣ್ಣಿಗೇನೂ ಆಗಿಲ್ಲ ಬಿಡಿ. ಆಗಿದ್ದು ದೊನ್ ಗಾಸ್ಪರೆ ಹಲ್ಲಿಗೆ."

ನಿನ್ಫಾಳಿಗೆ ಮೈಯೆಲ್ಲ ಉರಿಯಿತು. ಲೂಚಿಯಾ ಹಬ್ಬದ ದಿನ ಓಣಿಯಲ್ಲಿ ಯಾರೂ ಹಿಟ್ಟಿನದು ಮುಟ್ಟುವುದಿಲ್ಲ. ಬ್ರೆಡ್ಡೂ ಇಲ್ಲ, ಶಾವಿಗೆಯೂ ಇಲ್ಲ. ಇಡೀ ಗೋಧಿಯನ್ನು ಮೂರು ದಿನ ನೆನೆಸಿ ಬೇಯಿಸಿ, ರಿಕೋಟಾ ಎಂಬ ಮೆತ್ತನೆ ಗಿಣ್ಣು, ಸಕ್ಕರೆ, ಚಾಕೊಲೇಟ್ ಚೂರು ಬೆರೆಸಿದ ಕುಚ್ಚೀಯ ಮಾತ್ರ. ಇಡೀ ಓಣಿಗೆ ಅದನ್ನು ಬೇಯಿಸುವ ಹಂಡೆ ನಿನ್ಫಾಳ ತಾಯಿಯ ಕಾಲದಿಂದ ಈ ಮನೆಯದು. ಹೋದ ವರ್ಷ ಅದರಲ್ಲಿ ಕಲ್ಲು ಸಿಕ್ಕಿ, ಓಣಿಯವರು ಗೌರವಕ್ಕೆ ದೊನ್ ಎನ್ನುವ ಮೋಚಿ ಗಾಸ್ಪರೆಯ ಹಲ್ಲು ಮುರಿದಿತ್ತು. ಇನ್ನೊಂದು ಕಲ್ಲು ಸಿಕ್ಕರೆ ಹಂಡೆ ಎರ್ಸಿಲಿಯಾ ಪಾಲು ಎಂದು ಓಣಿಯವರು ಮಾತಾಡಿಕೊಂಡಿದ್ದರು. ಕನ್ನಡಕ ಹಾಕಿಕೋ ಎಂದರೆ ನಿನ್ಫಾ ಸಿಡಿಯುತ್ತಿದ್ದಳು. ಲೂಚಿಯಾಳ ಹಂಡೆ ಕಾಯಿಸುವವಳೇ ಕನ್ನಡಕ ಹಾಕಿದರೆ ತಾಯಿಯನ್ನು ನಂಬಲಿಲ್ಲವೆಂದು ಊರಿಗೆಲ್ಲ ಸಾರಿದ ಹಾಗಲ್ಲವೇ?

"ನೆನೆಸಿ ಸೀಸೇಲಿ ತುಂಬಿ ಮಾರ್ತಾರಲ್ಲ, ಆ ಗೋಧಿ ನಮ್ಮನೇಲಿದೆ. ಬೇಕಾದ್ರೆ ಹೇಳ್ಕಳಿಸಿ," ಎಂದಳು ಎರ್ಸಿಲಿಯಾ.

"ಸೀಸೆ ಗೋಧಿ! ಥೂ! ಕೋಳಿಗೆ ಹಾಕು, ಹೋಗು!"

ಅವಳು ಹೋದ ಮೇಲೆ ನಿನ್ಫಾ ಆ ದರಿದ್ರ ಪಟ್ಟಿಯನ್ನು ಹಣೆಗೆ ಬಿಗಿದಳು. ತನ್ನ ಗೋಧಿಯಲ್ಲಿ ಕಲ್ಲಿಲ್ಲವೆಂದು ತೋರಿಸಿ ಈ ಪಟ್ಟಿಯನ್ನು ಅವಳ ಮುಖಕ್ಕೇ ಎಸೆಯಬೇಕು. ದೀಪ ಹತ್ತಿಸಿ ಹಂಡೆಗೆ ಬಗ್ಗಿದಳು.

ಕಲ್ಲು ಇರಲಿಲ್ಲ. ನೀರಿನ ಮೇಲೆ ಹುಳುಗಳು ಕಾಲು ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಕೈಯಾಡಿಸಿದರೆ ಕಪ್ಪು ಕಾಳುಗಳು ಬೆರಳಿಗೆ ಹತ್ತಿದವು. ಹಿಸುಕಿದಳು, ಮೂಸಿದಳು. ಇಲಿ ಹಿಕ್ಕೆ! ತಿರುಗಿ ನೋಡಿದರೆ ಹಂಡೆಯ ಕಂಠದಲ್ಲಿ ಹಳೆಯ ಜಿಡ್ಡು, ತನ್ನ ಉಗುರಿನ ಸಂದಿಯಲ್ಲಿ ಕಪ್ಪು ಗೆರೆ. ಹೋದ ವರ್ಷವೂ ಇದೇ ಕಣ್ಣು, ಗೋಧಿ ತುಂಬಿಡುವ ಇದೇ ಡಬ್ಬ. ಅಂದರೆ ಎರಡೆರಡು ಬಟ್ಟಲು ನೆಕ್ಕಿದ ಓಣಿಯ ಜನ...

ಮೋರಿಗೆ ಓಡಿ ಕಕ್ಕಿದಳು.

ಹೊಸ ಗೋಧಿ ನೆನೆಯಲು ಮೂರು ದಿನ ಬೇಕು, ಇದ್ದದ್ದು ಒಂದೇ ಹಗಲು. ಹಬ್ಬದ ಗೋಧಿಯನ್ನು ಕಸಕ್ಕೆ ಹಾಕುವಂತಿಲ್ಲ. ತಾರಸಿಗೆ ಹೊತ್ತು ಪಾರಿವಾಳಗಳಿಗೆ ಸುರಿದಳು. ಹಂಡೆಯನ್ನು ಬೂದಿ ಹಾಕಿ ಮೂರು ಸಲ ಉಜ್ಜಿದಳು. ಆಮೇಲೆ ಕಹಿ ನುಂಗಿದವಳ ಹಾಗೆ ಮುಖ ಮಾಡಿಕೊಂಡು ಎರ್ಸಿಲಿಯಾಳ ಬಾಗಿಲು ತಟ್ಟಿದಳು.

"ಕೋಳಿ ಸಾಕಿದ್ದೀರಾ ಅಕ್ಕ?"

"ಬಾಯ್ಮುಚ್ಚಿ ಸೀಸೆ ಕೊಡು."

ಮನೆಗೆ ತಂದು ಒಂದೊಂದು ಕಾಳನ್ನೂ ದೀಪದಡಿ ಹೊರಳಿಸಿದಳು. ಒಂದಾದರೂ ಹುಳು ಸಿಗಲಿ ದೇವರೇ ಎಂದು ಹುಡುಕಿದಳು. ಮುತ್ತಿನಂಥ ಗೋಧಿ, ಒಂದು ಕೊಳೆಯಿಲ್ಲ. ಅದಕ್ಕೇ ಅವಳಿಗೆ ಇನ್ನೂ ಅಸಹ್ಯವಾಯಿತು.

ಮರುದಿನ ಓಣಿಯವರು ಬಟ್ಟಲು ಹಿಡಿದು ಬಂದರು. ಮೊದಲು ದೊನ್ ಗಾಸ್ಪರೆ ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಕೈರುಚಿ ಅಂದ್ರೆ ನಿಂದೇ ತಾಯಿ! ಹಂಡೆ ನಿನ್ನ ಹತ್ರಾನೇ ಇರಲಿ."

ಎರ್ಸಿಲಿಯಾ ತುಟಿ ಕಚ್ಚಿ ನಕ್ಕಳು. ನಿನ್ಫಾ ಸುಮ್ಮನಿದ್ದಿದ್ದರೆ ಹಂಡೆ ಉಳಿಯುತ್ತಿತ್ತು. ಆದರೆ ನಿನ್ನೆ ಹುಳು ತೇಲಿದ ನೀರು ಕಣ್ಮುಂದೆ ಬಂತು.

"ಇದು ಎರ್ಸಿಲಿಯಾ ಗೋಧಿ. ನಂದರಲ್ಲಿ ಹುಳ ಇತ್ತು, ಇಲಿ ಹಿಕ್ಕೆ ಇತ್ತು. ಅವಳು ಕೊಟ್ಟ ಭೂತಗನ್ನಡಿ ಹಣೆಗೆ ಕಟ್ಕೊಂಡ್ಮೇಲೇ ಕಂಡಿದ್ದು. ಹೋದ ವರ್ಷಾನೂ ಇದ್ದಿರ್ಬೇಕು. ತಿಂದಿದ್ದೀರಿ. ನಂಗೆ ಕಣ್ಣು ಕಾಣಲ್ಲ."

ಚಮಚಗಳು ನಿಂತವು. ಯಾರೋ ಉಗುಳಿದರು. ಎರ್ಸಿಲಿಯಾಳ ನಗು ಮಾಯವಾಯಿತು. ಹೋದ ವರ್ಷ ಮೂರು ಬಟ್ಟಲು ತಿಂದವಳು ಅವಳೇ.

"ನಾನು ಚಾಕೊಲೇಟ್ ಅಂದ್ಕೊಂಡಿದ್ನಲ್ಲ..." ಎಂದ ಗಾಸ್ಪರೆ.

ಸೌಟನ್ನು ಹಂಡೆಯಲ್ಲೇ ಬಿಟ್ಟು ನಿನ್ಫಾ ಒಳಗೆ ನಡೆದಳು. ಹಿಂದಿನಿಂದ ಗಾಸ್ಪರೆ ಕೂಗಿದ.

"ಎಲ್ಲಿಗ್ ಹೋಗ್ತೀ? ಆ ಭೂತಗನ್ನಡಿ ಕಟ್ಕೊಂಡು ಬಾ. ನೀನು ನೋಡಿ ಹೇಳೋವರೆಗೂ ನಾನು ತಿನ್ನಲ್ಲ. ನೀನಾದ್ರೆ ಇದ್ದದ್ದು ಹೇಳ್ತೀಯ."

ಅವನ ಹಿಂದೆ ಒಬ್ಬೊಬ್ಬರಾಗಿ ಬಟ್ಟಲು ಚಾಚಿದರು. ನಿನ್ಫಾ ಪಟ್ಟಿ ಬಿಗಿದು, ದೀಪ ಹತ್ತಿಸಿ, ಗಾಸ್ಪರೆಯ ಬಟ್ಟಲಿಗೆ ಬಗ್ಗಿದಳು. ರಿಕೋಟಾದೊಳಗೆ ಅವನ ಹೆಬ್ಬೆಟ್ಟು ಮುಳುಗಿತ್ತು. ಉಗುರಿನ ತುಂಬ ಚಪ್ಪಲಿಗೆ ಬಳಿಯುವ ಕರಿ ಮೇಣ.

"ಚಾಕೊಲೇಟೇ. ತಿನ್ನು," ಎಂದಳು. "ಮೊದಲು ಆ ಬೆರಳು ತೆಗಿ, ಅಸಹ್ಯ!"