ಅಡ್ಡೆಳೆಯ ಎಲೆ

ಬಾಣಲೆಯ ಮರಳು ಕಾದಿದೆಯೇ ಎಂದು ಎಲೆಯಕ್ಕ ಬೆರಳಿಟ್ಟು ನೋಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಬೆರಳಿಗೆ ಈಗ ಏನೂ ಗೊತ್ತಾಗುವುದಿಲ್ಲ. ಮೂಗೇ ಅವಳ ಬೆರಳು. ಕಾಗದದಷ್ಟು ತೆಳುವಾದ ಮರದ ಹಾಳೆಯಿಂದ ಎಲೆ ಕೊಯ್ದು, ಅದರ ಅಂಚನ್ನು ಮರಳಿನಲ್ಲಿ ತೂರಿಸಿ, ವಾಸನೆ ಬಂದೊಡನೆ ತೆಗೆಯಬೇಕು. ಅಂಚು ಕಂದಿದರೆ ಎಲೆಗೆ ನೆರಳು ಬಂತು. ಕರಿದಾದರೆ ಎಲೆ ಹಾಳು, ಮೇಲೆ ಧಣಿಯ ಬೈಗುಳ. ಬೆರಳು ಸುಟ್ಟರೆ ಯಾರೂ ಬೈಯುವುದಿಲ್ಲ.

ಧಣಿಯ ಕಾರ್ಖಾನೆಯಲ್ಲಿ ಬೀರುಗಳ ಬಾಗಿಲ ಮೇಲೆ ಮರದ ಬಳ್ಳಿ ಹಬ್ಬಿಸುವುದು ಅವಳ ಕೆಲಸ. ಬಣ್ಣ ಬಳಿಯುವುದಲ್ಲ, ಒಂದೊಂದು ಎಲೆಯೂ ಒಂದೊಂದು ಮರದ್ದು, ಅಳತೆಗೆ ಗೂಡು ಕೊಯ್ದು ಕೂರಿಸಿದ್ದು. ಅಂಟು ಹಚ್ಚಿ ಪ್ರೆಸ್ಸಿನಡಿ ಒತ್ತುವವನು ಅವಳ ಗಂಡ.

"ಅವಳು ಜೋಡಿಸ್ತಾಳೆ, ನಾನು ಅದುಮ್ತೀನಿ. ನಮ್ಮ ಸಂಸಾರ ಅಷ್ಟೇನಪ್ಪ," ಎನ್ನುತ್ತಿದ್ದ.

"ಅದುಮಿಸ್ಕೊಳ್ತೀನಿ ಅನ್ನು!" ಎಂದು ಪಾಲಿಶ್‌ನವರು ನಗುತ್ತಿದ್ದರು.

ಅವಳಿಗೆ ಕೈ ತಿದ್ದಿದವರು ಮಾವ. ಹಾಸಿಗೆ ಹಿಡಿದಾಗ ಒಂದೇ ಮಾತು ಹೇಳಿದ್ದರು: "ಬಾಗಿಲಿಗೊಂದು ಎಲೆ ಅಡ್ಡೆಳೆ ಕೂರಿಸವ್ವ. ನಾನೇ ಮಾಡ್ದೆ ಅನ್ನೋ ಜಂಭ ಬರಬಾರದು. ಕುಂದಿಲ್ಲದೆ ಮಾಡೋನು ಮೇಲಿರೋ ಅವನೊಬ್ಬನೇ."

ಮರದ ಎಳೆ ಎಲೆಯ ಉದ್ದಕ್ಕೂ ಹರಿಯಬೇಕು. ಆ ಒಂದರಲ್ಲಿ ಮಾತ್ರ ಅಡ್ಡಕ್ಕೆ. ಬೆಳಕು ಬಿದ್ದಾಗ ಉಳಿದವೆಲ್ಲ ಹೊಳೆದರೆ ಅದೊಂದು ತಲೆ ತಗ್ಗಿಸಿಕೊಂಡು ಮಂಕಾಗಿರುತ್ತಿತ್ತು. ಬಾಗಿಲಿಂದ ಬಾಗಿಲಿಗೆ ಅದರ ಜಾಗ ಬೇರೆ. ಎಲ್ಲಿ ಎಂದು ಅವಳು ಲೆಕ್ಕ ಹಾಕಿದವಳಲ್ಲ. ಕೂರಿಸುತ್ತ ಕೂರಿಸುತ್ತ ಎಲ್ಲೋ ಕೈ ನಿಲ್ಲುತ್ತಿತ್ತು. "ಸ್ವಾಮಿ, ಇದು ನಿನ್ನದು," ಎಂದು ಅಡ್ಡಕ್ಕೆ ತಿರುಗಿಸಿ ಇಡುತ್ತಿದ್ದಳು. ಗಂಡನಿಗೂ ಅವಳಿಗೂ ಬಿಟ್ಟರೆ ಇದು ಇನ್ನೊಬ್ಬರಿಗೆ ತಿಳಿಯದು.

ಒಂದು ದಿನ ಧಣಿ ಅವಳ ಮೇಜಿನ ಹತ್ತಿರವೇ ಬಂದರು.

"ಎಲೆಯಕ್ಕ, ನನ್ನ ಸ್ವಂತ ಮನೆಗೆ ಒಂದು ಬಾಗಿಲು ಬೇಕು. ಅವಸರ ಇಲ್ಲ. ಮನಸ್ಸಿಟ್ಟು ಮಾಡು."

ಅವಸರವಿಲ್ಲ ಎಂಬ ಮಾತನ್ನು ಅವಳು ಆ ಬಾಯಲ್ಲಿ ಕೇಳಿರಲೇ ಇಲ್ಲ. ಮನಸ್ಸಿಟ್ಟಳು. ಬಳ್ಳಿ ಎಡಕ್ಕೆ ಬಳುಕುವ ಕಡೆ ಕೈ ನಿಂತಿತು; ಅಲ್ಲಿ ಅಡ್ಡೆಳೆಯ ಎಲೆ ಇಟ್ಟಳು.

ಆ ಬಾಗಿಲು ಧಣಿಯ ಮನೆಗೆ ಹೋಗಲಿಲ್ಲ. ಹಿಂದಿನ ಕೋಣೆಗೆ ಬಂದಿದ್ದ ಹೊಸ ಯಂತ್ರದ ಕೆಳಗೆ ಹೋಯಿತು. ಯಂತ್ರ ಅದನ್ನು ಎಳೆ ಎಳೆಯಾಗಿ ನೋಡಿ ನಕಲು ಇಳಿಸಿಕೊಂಡಿತು. ಆಮೇಲೆ ಬೆಳಕಿನ ಸೂಜಿಯಿಂದ ಅಂಥವೇ ಎಲೆಗಳನ್ನು ತಾನೇ ಕೊಯ್ಯತೊಡಗಿತು. ಕೊಯ್ಯುವಾಗಲೇ ಅಂಚು ಕಂದುತ್ತಿತ್ತು. ಮರಳೂ ಬೇಡ, ಬೆರಳೂ ಬೇಡ. ತುಂಡುಗಳ ಬೆನ್ನಿಗೆ ಅಂಕಿ, ಬಾಣದ ಗುರುತು. ಯಾರು ಬೇಕಾದರೂ ಕೂರಿಸಬಹುದು. ಎಲೆ ಕೊಯ್ಯುವವರನ್ನೆಲ್ಲ ಮನೆಗೆ ಕಳಿಸಿದರು. ಅವಳನ್ನು ಮಾತ್ರ ಒಳಗೆ ಕರೆದರು.

"ನಿನ್ನ ಕೈಬಿಡ್ತೀನಾ? ನಾಳೆಯಿಂದ ಷೋರೂಮಲ್ಲಿ ಕೂತ್ಕೋ. ಚಾಕು ಹಿಡ್ಕೊಂಡು ಕೊಯ್ತಾ ಇರು. ಗಿರಾಕಿಗಳು ನೋಡ್ಲಿ."

"ಏನು ಕೊಯ್ಲಿ ಧಣಿ?"

"ಏನಾದ್ರೂ. ಸಂಜೆ ಗುಡಿಸಿ ಹಾಕ್ತಾರೆ."

"ಮಾಡದೇ ಇರೋದನ್ನ ಮಾಡ್ದೆ ಅಂತ ಕೂರಲಾ?"

ಧಣಿ ನಕ್ಕರು. "ನಿನ್ನ ಯಜಮಾನ ಇನ್ನೂ ಪ್ರೆಸ್ಸಲ್ಲೇ ಇದಾನೆ ಅಲ್ವಾ?"

ಮನೆಯಲ್ಲಿ ಗಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಹೋಗ್ಬೇಡ ಅನ್ನೋಕೆ ಬಾಯಿ ಬರಲ್ಲ ಕಣೇ. ಹೋಗು ಅನ್ನೋಕೂ ಬರಲ್ಲ."

ಷೋರೂಮಿನಲ್ಲಿ ಬೀರುಗಳು ಸಾಲಾಗಿ ನಿಂತಿದ್ದವು. ಅವಳು ಒಂದನ್ನು ನೋಡಿದಳು. ಪಕ್ಕದ್ದನ್ನು ನೋಡಿದಳು. ಸಾಲಿನ ಕೊನೆಯವರೆಗೂ ನಡೆದಳು. ಎಲ್ಲದರಲ್ಲೂ ಬಳ್ಳಿ ಎಡಕ್ಕೆ ಬಳುಕುವ ಕಡೆ, ಅದೇ ಎಲೆ, ಅಡ್ಡಕ್ಕೆ. ಸ್ವಾಮಿಗೆಂದು ಇಟ್ಟದ್ದನ್ನೂ ಅಚ್ಚು ಹಾಕಿದ್ದರು.

ಗಂಡಹೆಂಡತಿ ಗಿರಾಕಿಗಳು ಬಂದರು. ಧಣಿ ಬಾಗಿಲ ಮೇಲೆ ಬೆರಳಿಟ್ಟರು. "ಈ ಎಲೆ ನೋಡಿ ಮೇಡಂ, ಮಂಕಾಗಿದೆ. ಅಡ್ಡ ಕೂತಿದೆ. ಯಂತ್ರ ಎಲ್ಲಾದ್ರೂ ತಪ್ಪುತ್ತಾ? ತಪ್ಪೋದು ಕೈ. ಅಪ್ಪಟ ಕೈಕೆಲಸ! ಅಗೋ, ಮಾಡಿದವಳೇ ಕೂತಿದ್ದಾಳೆ."

ಎಲೆಯಕ್ಕ ಚಾಕು ಕೆಳಗಿಟ್ಟಳು. ಪ್ರೆಸ್ಸಿನಲ್ಲಿದ್ದ ಗಂಡ ಕಣ್ಣ ಮುಂದೆ ಬಂದ. ಆದರೂ ಎದ್ದು ನಿಂತಳು.

"ಇದನ್ನ ನಾನು ಮಾಡಿಲ್ಲ ತಾಯಿ. ಯಂತ್ರದ್ದು. ಪಕ್ಕದ ಬಾಗಿಲು ನೋಡಿ, ಅದರಾಚೆದೂ ನೋಡಿ. ಒಂದೇ ಕಡೆ ತಪ್ಪಿದೆ. ಕೈ ಹಾಗೆ ತಪ್ಪಲ್ಲ."

ಧಣಿಯ ಮುಖ ಕಪ್ಪಿಟ್ಟಿತು. ಆದರೆ ಆ ಹೆಂಗಸು ಬಾಗಿಲ ಕಡೆ ತಿರುಗಲೇ ಇಲ್ಲ. ಎಲೆಯಕ್ಕನ ಸುಟ್ಟ ಬೆರಳುಗಳನ್ನೇ ನೋಡುತ್ತಿದ್ದಳು. ಅವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೇಳಿದ್ರಾ?" ಎಂದಳು ಗಂಡನಿಗೆ. "ಇಷ್ಟೆಲ್ಲ ಮಾಡಿ, ನಾನು ಮಾಡಿಲ್ಲ ಅಂತಾರೆ. ಎಂಥ ವಿನಯ!"

"ಅಲ್ಲಮ್ಮ, ದೇವರಾಣೆ, ನಾನು..."

"ಗೊತ್ತಮ್ಮ, ಗೊತ್ತು. ಎಲ್ಲ ದೇವರು ಮಾಡಿಸಿದ್ದು, ಅಲ್ವಾ?" ಹೆಂಗಸಿನ ಕಣ್ಣಲ್ಲಿ ನೀರು. ಧಣಿಯತ್ತ ತಿರುಗಿದಳು. "ಎರಡು ಬೀರು ಕಳಿಸಿಕೊಡಿ ಇವರೇ."

ಅವರು ಹೋದ ಮೇಲೆ ಎಲೆಯಕ್ಕ ಬೈಗುಳಕ್ಕೆ ಕಾದಳು. ಧಣಿ ಬೈಯಲಿಲ್ಲ. ಬೆವರು ಒರೆಸಿಕೊಂಡು, ಮೆಚ್ಚಿಕೊಂಡು ಹೇಳಿದರು: "ಭೇಷ್! ಬಂದವರಿಗೆಲ್ಲ ಇದನ್ನೇ ಹೇಳು."

ಮರುದಿನವೂ ಹೇಳಿದಳು. ಅದರ ಮರುದಿನವೂ. ಸುಳ್ಳು ಹೇಳು ಎಂದಿದ್ದರೆ ಬಾಯಿ ಮುಚ್ಚಿಕೊಂಡಾದರೂ ಕೂರಬಹುದಿತ್ತು. ಹೇಳು ಎಂದದ್ದು ನಿಜವನ್ನು.