ಹಡಗಿನಲ್ಲಿ ಪುಕ್ಕಟೆ ಇಸ್ತ್ರಿ

ನಮ್ಮದು ಇಸ್ತ್ರಿ ಅಂಗಡಿ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬಾಗಿಲು ಹಾಕಿ ಹಡಗಿನ ಪ್ರವಾಸಕ್ಕೆ ಹೊರಟೆವು. ಎಲ್ಲಿ ಬುಕ್ ಮಾಡುವುದೆಂದು ನನ್ನ ಗಂಡ ಎರಡು ತಿಂಗಳು ತಲೆ ಕೆಡಿಸಿಕೊಂಡರು. ಕಾರ್ಡಿನಲ್ಲಿ ಕಟ್ಟಿದರೆ ಮುಂದಿನ ಪ್ರವಾಸಕ್ಕೆ ಪಾಯಿಂಟು. ನೇರವಾಗಿ ಕಂಪನಿಗೇ ಹೇಳಿದರೆ ಬಾಲ್ಕನಿ ಇರುವ ಕೋಣೆ. ಏಜೆಂಟರ ಮೂಲಕ ಹೋದರೆ ದಿನವೂ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದು ಪುಕ್ಕಟೆ.

“ಬಾಲ್ಕನಿ ತಗೊಳ್ರೀ, ಕೂತು ಸಮುದ್ರ ನೋಡೋಣ,” ಎಂದೆ.

“ಸಮುದ್ರ ಎಲ್ಲಿಂದ ನೋಡಿದ್ರೂ ಅದೇ. ನಮ್ಮ ಬಟ್ಟೆನ ಬೇರೆಯವರು ಇಸ್ತ್ರಿ ಮಾಡೋದು ಜನ್ಮದಲ್ಲಿ ಒಂದ್ಸಲ ನೋಡ್ಬೇಕು,” ಎಂದರು. ಏಜೆಂಟರೇ ಗೆದ್ದರು.

ಎರಡನೇ ದಿನ ಬೆಳಿಗ್ಗೆ ಅವರ ಅಂಗಿ ಇಸ್ತ್ರಿಯಾಗಿ ಬಂತು. ಕಾಲರಿನ ಸುಕ್ಕು ನೋಡಿದ್ದೇ ತಡ, ಮನುಷ್ಯ ನಾಪತ್ತೆ. ಹುಡುಕಿ ಸಾಕಾಗಿ ಕೆಳಗಿನ ಇಸ್ತ್ರಿ ಕೋಣೆಗೆ ಹೋದರೆ, ಹಡಗಿನ ಇಸ್ತ್ರಿಯವನನ್ನು ಪಕ್ಕಕ್ಕೆ ನಿಲ್ಲಿಸಿ ಇವರು ಪಾಠ ಹೇಳುತ್ತ ಅಂಗಿಯ ಮೇಲೆ ಇಸ್ತ್ರಿ ಪೆಟ್ಟಿಗೆ ಉಜ್ಜುತ್ತಿದ್ದಾರೆ! ನನಗೆ ಮೈಯೆಲ್ಲ ಉರಿದುಹೋಯಿತು. ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಿ ಕಣ್ಣಿಗೆ ಬಿತ್ತು. ಪಾಠದ ಭರದಲ್ಲಿ ಒಂದೇ ತೋಳಿಗೆ ಎರಡು ಇಸ್ತ್ರಿ ಗೆರೆ ಎಳೆದಿದ್ದರು.

“ಇಪ್ಪತ್ತೆರಡು ವರ್ಷ ಏನ್ ಕಲಿತ್ರಿ? ಸರೀರಿ ಆಚೆ,” ಎಂದು ಪೆಟ್ಟಿಗೆ ಕಿತ್ತುಕೊಂಡೆ.