ಪ್ರಶ್ನೆ ಮೇಷ್ಟ್ರ ಮನೆಯ ಫಾರಂ

ಮೇಷ್ಟ್ರ ಮಣ್ಣು ಮುಗಿಸಿ ಬಂದವರಿಗೆ ನೀರು ಕೊಡುತ್ತ ನಾದಿನಿ ಆರನೇ ಸಲ ಅದೇ ಮಾತು ಹೇಳಿದಳು: "ಅಣ್ಣ ಇದ್ದಕ್ಕಿದ್ದ ಹಾಗೆ ಎದೆ ಹಿಡ್ಕೊಂಡ, ಹೋಗೇಬಿಟ್ಟ. ಅತ್ತಿಗೆ ಪಾಪ ಏನು ಮಾಡೋಕಾಗುತ್ತೆ?"

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ತಲೆಯಾಡಿಸಿದಳು. ಮೊದಲ ಸಲ ತಲೆಯಾಡಿಸುವಾಗ ಎದೆ ಧಸಕ್ಕೆಂದಿತ್ತು. ಆರನೇ ಸಲಕ್ಕೆ ಅಂಥದ್ದೇನೂ ಆಗಲಿಲ್ಲ. ಅವಳಿಗೆ ಭಯವಾದದ್ದು ಅದಕ್ಕೇ.

ಮೇಷ್ಟ್ರು ಎಂದರೆ ಪಾಠ ಹೇಳಿದವರಲ್ಲ. ಆರೋಗ್ಯ ಸಂಶೋಧನೆಯ ಕಚೇರಿಯವರು. ಆಸ್ಪತ್ರೆ ಮುಟ್ಟದೆ ಸತ್ತವರ ಮನೆಗೆ ಹೋಗಿ, ಏನಾಯಿತು, ಹೇಗಾಯಿತು ಎಂದು ಕೇಳಿ ಬರೆದುಕೊಳ್ಳುವುದೇ ಇಪ್ಪತ್ತೊಂಬತ್ತು ವರ್ಷದ ಕೆಲಸ; ಅದಕ್ಕೇ ಬೀದಿಗೆಲ್ಲ ಪ್ರಶ್ನೆ ಮೇಷ್ಟ್ರು. ಅವರು ಬೀದಿಗೆ ಬಂದರೆ ತನ್ನ ಅಜ್ಜಿ, "ನಾನಿನ್ನೂ ಇದೀನಪ್ಪ, ಮುಂದಿನ ಮನೆ ನೋಡು" ಅನ್ನುತ್ತಿದ್ದಳೆಂದು ಪಕ್ಕದ ಮನೆಯ ದರ್ಜಿ ನೆನೆದ. ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು.

*

ಹೊಸ ಫಾರಂ ಬಂದಾಗಲೆಲ್ಲ ಮೇಷ್ಟ್ರು ಅಡುಗೆಮನೆಯಲ್ಲಿ ಹೆಂಡತಿಯನ್ನೇ ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ಅವಳು ಗಟ್ಟಿಮುಟ್ಟಾಗಿದ್ದ ದರ್ಜಿಯನ್ನು ಮಾತಿನಲ್ಲೇ ಲೀಲಾಜಾಲವಾಗಿ ಸಾಯಿಸಿ ಉತ್ತರ ಕೊಡುತ್ತಿದ್ದಳು. ಒಮ್ಮೆ ಕೇಳಿದಳು, "ತಪ್ಪು ಯಾರದು ಅಂತ ಎಲ್ಲಿ ಬರೀತೀರಿ?"

"ಆ ಪ್ರಶ್ನೆ ಇದೆಯಾ ಹುಡುಕು. ಸಿಕ್ಕರೆ ನನಗೂ ಹೇಳು," ಎಂದರು. "ಎಷ್ಟು ಹೊತ್ತಾಯ್ತು, ಯಾಕೆ ಹೊತ್ತಾಯ್ತು, ನಮಗೆ ಅಷ್ಟು ಸಾಕು. ಗೊತ್ತಾದ್ರೆ ಇನ್ನೊಂದು ಮನೆಯವರು ಬೇಗ ಹೊರಡ್ತಾರೆ ಕಣೇ."

*

ಸಂಜೆ ಹೊತ್ತಿಗೆ ಮನೆ ಖಾಲಿಯಾಯಿತು. ಮೇಷ್ಟ್ರ ಕೈಯಲ್ಲಿ ಕೆಲಸ ಕಲಿತು, ಈಗ ತಾನೂ ತಲೆ ನರೆತಿದ್ದ ಶಿಷ್ಯೆ ಹೊರಡಲೆಂದು ಎದ್ದಳು.

"ಚೀಲದಲ್ಲಿ ಫಾರಂ ಇದೆಯಾ?" ಎಂದಳು ಹೆಂಡತಿ.

"ಇವತ್ತು ಬೇಡ ಅಕ್ಕಾ. ಮೂರು ವಾರ ಬಿಟ್ಟೇ ಕೇಳ್ಬೇಕು ಅಂತ ಮೇಷ್ಟ್ರೇ ಹೇಳ್ಕೊಟ್ಟಿದ್ದು."

"ಮೂರು ವಾರಕ್ಕೆ ನಾನೂ 'ಇದ್ದಕ್ಕಿದ್ದ ಹಾಗೆ' ಅಂತ ನಂಬಿಬಿಡ್ತೀನಿ. ಈಗಲೇ ಕೇಳು."

ಶಿಷ್ಯೆ ಕೂತು ಒಂದೊಂದಾಗಿ ಕೇಳಿದಳು. ವಯಸ್ಸು, ಜ್ವರ, ಕೆಮ್ಮು, ಬೀಡಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು.

"ನೋವು ಶುರುವಾದ ಮೇಲೆ ಮನೆಯಿಂದ ಹೊರಡೋಕೆ ಎಷ್ಟು ಹೊತ್ತಾಯ್ತು?"

ಲೋಟಗಳನ್ನು ಎತ್ತಿಡುತ್ತಿದ್ದ ನಾದಿನಿ ಬಾಗಿಲಲ್ಲೇ ನಿಂತಳು. ಹೆಂಡತಿ ಅವಳ ಕಡೆ ನೋಡಿದಳು. ಶಿಷ್ಯೆ ಪೆನ್ನಿಗೆ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡಳು. ಮನೆಯವರು ಮೌನವಾದರೆ ಅವಸರಿಸಬಾರದು, ಪೆನ್ನು ಮುಚ್ಚಿಟ್ಟು ಕಾಯಬೇಕು ಎಂಬುದೂ ಮೇಷ್ಟ್ರ ಪಾಠವೇ.

"ಐದು ಗಂಟೆ," ಎಂದಳು ಹೆಂಡತಿ. "ಬೆಳಿಗ್ಗೆ ಏಳಕ್ಕೇ ಎದೆ ಹಿಂಡುತ್ತೆ ಅಂದ್ರು. ಗ್ಯಾಸು, ಮಲಗಿ, ಹೋಗುತ್ತೆ ಅಂದೆ. ನಾನೇ ಅಂದೆ. ಇದನ್ನೇ ಎಷ್ಟೋ ಮನೇಲಿ ಬರ್ಕೊಂಡು ಬಂದವರು, ನನ್ನ ಮಾತು ಕೇಳಿ ಮಲಗಿದ್ರು."

ನಾದಿನಿ ಲೋಟ ಕೆಳಗಿಟ್ಟು ಅತ್ತಿಗೆಯ ಪಕ್ಕ ಕೂತಳು.

ಶಿಷ್ಯೆ ಮುಚ್ಚಳ ತೆಗೆದು ಬರೆದಳು. ಉಳಿದದ್ದನ್ನೂ ಕೇಳಿ ಮುಗಿಸಿ, ಸಹಿಗೆಂದು ಫಾರಂ ಕೊಟ್ಟು ಪೆನ್ನು ಚಾಚಿದಳು. ಹೆಂಡತಿ ಪೆನ್ನು ತೆಗೆದುಕೊಳ್ಳಲಿಲ್ಲ. ಮೊದಲ ಪ್ರಶ್ನೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದುತ್ತ ಹೋದಳು. ಹಾಳೆ ತಿರುಗಿಸಿದಳು. ಕೊನೆಯ ಪ್ರಶ್ನೆಯ ಕೆಳಗೆ ಸಹಿಯ ಜಾಗ ಮಾತ್ರ ಇತ್ತು. ಅವಳು ಹಾಳೆಯನ್ನು ಮಗುಚಿ ಮತ್ತೆ ಮೊದಲಿನಿಂದ ಆ ಒಂದು ಪ್ರಶ್ನೆಯನ್ನು ಹುಡುಕತೊಡಗಿದಳು.

ಶಿಷ್ಯೆ ಚಾಚಿದ್ದ ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡು ಮುಚ್ಚಳ ಹಾಕಿದಳು.